ಏರ್ ಗನ್ ಗುರಿ ತಪ್ಪುತ್ತಿದೆಯಾ? ಸ್ಪ್ರಿಂಗ್ ಬದಲಿಸುವ ಮುಂಚೆ ಇಷ್ಟು ನೋಡಿ

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಏರ್ ಗನ್ ತಗೊಂಡವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಅಣ್ಣ, ಗನ್ ಹೊಸದು, ಆದ್ರೂ ಗುರಿಗೆ ಬೀಳ್ತಿಲ್ಲ. ಪವರ್ ಕಮ್ಮಿ ಇರ್ಬೇಕು. ದಪ್ಪ ಸ್ಪ್ರಿಂಗ್ ಹಾಕಿಸ್ಲಾ?" ಹಾಕಿಸಬೇಡಿ. ಪವರ್ ಕಮ್ಮಿ ಇರುವುದಕ್ಕೂ ಗುರಿ ತಪ್ಪುವುದಕ್ಕೂ ನೇರ ಸಂಬಂಧ ಇಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಆ ಸ್ಪರ್ಧೆಯ ರೈಫಲ್‌ಗಳು ಪೆಲೆಟ್ಟನ್ನು, ಅಂದ್ರೆ ಸೀಸದ ಚಿಕ್ಕ ಗುಂಡನ್ನು, ಸೆಕೆಂಡಿಗೆ 170 ಮೀಟರ್ ಆಸುಪಾಸಿನ ವೇಗದಲ್ಲಿ ಬಿಡುತ್ತವೆ. ಅಂದ್ರೆ ಅವೂ ಕಡಿಮೆ ಪವರ್‌ನವೇ. ಅವುಗಳ ಹೆಚ್ಚುಗಾರಿಕೆ ಇರುವುದು ಪ್ರತಿ ಶಾಟ್ ಹಿಂದಿನ ಶಾಟ್‌ನ ಹಾಗೆಯೇ ಹೋಗುವುದರಲ್ಲಿ.

ಹಾಗಾಗಿ ದೋಷ ಹುಡುಕುವ ಮುಂಚೆ ದೋಷ ಇದೆಯಾ ಅಂತ ಗೊತ್ತಾಗಬೇಕು. ಗನ್ ಎಷ್ಟು ಮಾಡಬಲ್ಲದು ಅಂತ ತಿಳಿಯದೆ ಸ್ಕ್ರೂಡ್ರೈವರ್ ಹಿಡಿದವರು ಚೆನ್ನಾಗಿದ್ದ ಗನ್ನನ್ನೇ ಕೆಡಿಸಿಕೊಂಡಿದ್ದು ಜಾಸ್ತಿ.

ನಾನು ಇಲ್ಲಿ ಹೇಳುತ್ತಿರುವುದು ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ, 4.5 ಮಿ.ಮೀ. ಪೆಲೆಟ್‌ನ ಸಾಮಾನ್ಯ ಗನ್ ಬಗ್ಗೆ. ಅರ್ಧ ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 120ರಿಂದ 170 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸುಮಾರು 4ರಿಂದ 7 ಜೂಲ್. 4.5 ಮಿ.ಮೀ. ಮತ್ತು 20 ಜೂಲ್ ಮೀರದ ಗನ್‌ಗೆ ನಮ್ಮಲ್ಲಿ ಲೈಸೆನ್ಸ್ ಬೇಕಿಲ್ಲ. ಬಿಲ್ ಮಾತ್ರ ಜೋಪಾನವಾಗಿಟ್ಟುಕೊಳ್ಳಿ.

ಎಷ್ಟು ನಿರೀಕ್ಷಿಸಬಹುದು?

ದುಗ್ಗಮ್ಮನ ಜಾತ್ರೆಯಲ್ಲಿ ಬಲೂನ್ ಹೊಡೆದವರಿಗೆ ತಮ್ಮ ಕೈ ಮೇಲೆ ಒಂದು ನಂಬಿಕೆ ಬಂದಿರುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಊದಿದ ಬಲೂನ್ 20 ಸೆಂ.ಮೀ., ದೂರ 3 ಮೀಟರ್ ಅಂತಿಟ್ಟುಕೊಳ್ಳಿ. ಅದೇ ಅಳತೆಯಲ್ಲಿ 10 ಮೀಟರ್‌ಗೆ ಹಿಗ್ಗಿಸಿದರೆ ಗುರಿ 65 ಸೆಂ.ಮೀ. ಮೀರುತ್ತದೆ. ಈಗ 10 ಮೀಟರ್ ಸ್ಪರ್ಧೆಯ ಕಾರ್ಡ್ ನೋಡಿ. ನಡುವಿನ ಕಪ್ಪು ವೃತ್ತ ಪೂರ್ತಿ ಸೇರಿ 30.5 ಮಿ.ಮೀ. ಅದರೊಳಗಿನ ಹತ್ತರ ಚುಕ್ಕೆ ಅರ್ಧ ಮಿ.ಮೀ. ಬಲೂನ್ ಬಿಟ್ಟು ಈ ಕಾರ್ಡ್‌ಗೆ ಬಂದವರಿಗೆ "ಗನ್ ಕೆಟ್ಟಿದೆ" ಅನ್ನಿಸುವುದು ಸಹಜ.

ನನ್ನ ಅಂದಾಜು ಹೀಗಿದೆ. ಕೂತು, ಆಸರೆ ಇಟ್ಟು, ಗುರಿ ಹಿಡಿಯಲು ಗನ್ ಮೇಲೆ ಹಿಂದೆ ಮುಂದೆ ಕೂರಿಸಿ ಬಂದ ಸೈಟ್‌ನಲ್ಲೇ 10 ಮೀಟರ್‌ನಿಂದ ಹತ್ತು ಶಾಟ್ ಹೊಡೆಯಿರಿ. ಹತ್ತೂ ತೂತು ಒಂದು ಹತ್ತು ರೂಪಾಯಿ ನಾಣ್ಯದ ಕೆಳಗೆ ಮುಚ್ಚಿದರೆ ಗನ್ ಚೆನ್ನಾಗಿದೆ. ಆ ನಾಣ್ಯದ ಅಗಲ 27 ಮಿ.ಮೀ. ಅದರ ಅರ್ಧದಲ್ಲಿ ಕೂತರೆ ಬಹಳ ಒಳ್ಳೆಯ ಗನ್ ಸಿಕ್ಕಿದೆ, ಅದಕ್ಕೆ ಏನೂ ಮಾಡಬೇಡಿ. ಎರಡು ನಾಣ್ಯದಷ್ಟು ಹರಡಿದರೆ ಮಾತ್ರ ಮುಂದೆ ಹೇಳುವ ತಪಾಸಣೆ ಶುರು ಮಾಡಿ. ನಿಂತು ಹೊಡೆಯುವಾಗ ಹೊಸಬರ ಗ್ರೂಪ್, ಅಂದ್ರೆ ಎಲ್ಲ ತೂತು ಸೇರಿದ ಹರವು, ಆಸರೆ ಇಟ್ಟು ಹೊಡೆದದ್ದರ ಮೂರು ನಾಲ್ಕು ಪಟ್ಟು ಹರಡುತ್ತದೆ. ಅದನ್ನು ಗನ್ ಲೆಕ್ಕಕ್ಕೆ ಸೇರಿಸುವಂತಿಲ್ಲ.

20 ಮೀಟರ್‌ಗೆ ಹೋದರೆ ಗ್ರೂಪ್ ಎರಡು ಪಟ್ಟಲ್ಲೇ ನಿಲ್ಲುವುದಿಲ್ಲ, ಸ್ವಲ್ಪ ಜಾಸ್ತಿಯೇ ಆಗುತ್ತದೆ. ಆರೇಳು ಸೆಂ.ಮೀ. ಬಂದರೆ ಬೇಜಾರಾಗಬೇಡಿ. ಪೆಲೆಟ್ ಬೀಳುವುದೂ ಅಲ್ಲಿ ಎದ್ದು ಕಾಣುತ್ತದೆ. 160 ಮೀಟರ್ ವೇಗದ ಪೆಲೆಟ್ 10 ಮೀಟರ್ ದಾಟಲು ಸೆಕೆಂಡಿನ ಹದಿನೈದನೇ ಒಂದು ಭಾಗ ತಗೊಳ್ಳುತ್ತದೆ. ಅಷ್ಟರಲ್ಲಿ ನಳಿಗೆಯ ನೇರದಿಂದ ಸುಮಾರು 2 ಸೆಂ.ಮೀ. ಇಳಿದಿರುತ್ತದೆ. 20 ಮೀಟರ್‌ಗೆ ಆ ಇಳಿತ 9 ಸೆಂ.ಮೀ. ಹತ್ತಿರ. ಹಾಗಾಗಿ 10 ಮೀಟರ್‌ಗೆ ಹೊಂದಿಸಿದ ಸೈಟ್‌ನಲ್ಲೇ 20ಕ್ಕೆ ಹೊಡೆದರೆ ಮೂರು ಸೆಂ.ಮೀ. ಆಸುಪಾಸು ಕೆಳಗೆ ಬೀಳುತ್ತದೆ. ಇದು ದೋಷ ಅಲ್ಲ. 40–50 ಮೀಟರ್‌ನಲ್ಲಿ ಬಾಟಲಿ ಹೊಡೆಯುವ ಆಸೆ ಇದ್ದರೆ ಈ ಗನ್ ಅದಕ್ಕಲ್ಲ.

ಪರೀಕ್ಷೆಯ ಜಾಗ

ಮೊದಲು ಗುರಿಯ ಹಿಂಬದಿ. ಚಿತ್ರದುರ್ಗದಲ್ಲಿ ಎಲ್ಲಿ ತಿರುಗಿದರೂ ಬಂಡೆ. ಬಂಡೆಯನ್ನೇ ಹಿಂಬದಿ ಮಾಡಿಕೊಂಡವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಗಟ್ಟಿ ಕಲ್ಲಿಗೆ ಬಡಿದ ಸೀಸದ ಚೂರು ಹೊಡೆದವರ ಕಡೆಗೇ ವಾಪಸ್ ಬರುತ್ತದೆ. 5 ಜೂಲ್ ಒಂದು ಕಣ್ಣು ತೆಗೆಯಲು ಧಾರಾಳ ಸಾಕು. ಮರಳು ತುಂಬಿದ ಮರದ ಪೆಟ್ಟಿಗೆ, ಇಲ್ಲವೇ ಹಳೇ ಬಟ್ಟೆ ಬಿಗಿಯಾಗಿ ತುರುಕಿದ ದಪ್ಪ ಪೆಟ್ಟಿಗೆಯ ಹಿಂದೆ ಇನ್ನೊಂದು ಮರಳಿನ ಚೀಲ, ಇವು ಒಳ್ಳೆಯವು. ಕನ್ನಡಕ ಹಾಕಿಕೊಳ್ಳಿ. ಪಕ್ಕ ನಿಂತ ಹುಡುಗರಿಗೂ ಹಾಕಿಸಿ. ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಪೆಲೆಟ್ ಸೀಸದ್ದು.

ಹಕ್ಕಿ, ಮೊಲ, ಉಡ ಯಾವುದರ ಮೇಲೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಬೇಟೆ, ಅಂದ್ರೆ ಅಪರಾಧ. ಜೋಗಿಮಟ್ಟಿ, ರಂಗಯ್ಯನದುರ್ಗದ ಕಾಡಿನ ಹತ್ತಿರ ಗನ್ ಒಯ್ಯುವ ಯೋಚನೆಯನ್ನೇ ಬಿಡಿ.

ಕಾರ್ಡನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುವಾಗ ಅಳತೆ ಹಿಗ್ಗದಂತೆ, ಕುಗ್ಗದಂತೆ ಹಾಕಲು ಹೇಳಿ. ಆಮೇಲೆ ಸ್ಕೇಲ್ ಇಟ್ಟು ಕಪ್ಪು ವೃತ್ತ ಅಳೆದುಕೊಳ್ಳಿ. ತೆಳು ಕಾಗದ ಹರಿದು ತೂತಿನ ಅಂಚು ಗೊತ್ತಾಗುವುದಿಲ್ಲ, ಹಿಂದೆ ರಟ್ಟು ಅಂಟಿಸಿ. ಗ್ರೂಪ್ ಅಳೆಯುವುದು ಸುಲಭ. ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಮಿ.ಮೀ. ಕಳೆಯಿರಿ.

ಮೂರು ಶಾಟ್ ಹೊಡೆದು ತೀರ್ಮಾನಕ್ಕೆ ಬರಬೇಡಿ. ಏನೂ ಬದಲಾಗದ ಅದೇ ಗನ್, ಅದೇ ಕೈಯಲ್ಲಿ, ಹತ್ತು ಶಾಟ್‌ನ ಗ್ರೂಪ್ ಮೂರು ಶಾಟ್‌ನದಕ್ಕಿಂತ ಸರಾಸರಿ ಒಂದೂವರೆ ಪಟ್ಟಿಗಿಂತ ಸ್ವಲ್ಪ ದೊಡ್ಡದಿರುತ್ತದೆ. ಮೂರು ಶಾಟ್ ಒಂದಕ್ಕೊಂದು ತಾಗಿ ಕೂತ ಫೋಟೋ ತೋರಿಸಿ "ನಿನ್ನೆ ಹಿಂಗೆ ಹೊಡೀತಿತ್ತು, ಇವತ್ತು ಕೆಟ್ಟಿದೆ" ಅನ್ನುವವರ ಗನ್‌ಗೆ ಎಷ್ಟೋ ಸಲ ಏನೂ ಆಗಿರುವುದಿಲ್ಲ. ನಿನ್ನೆಯ ಮೂರು ಅದೃಷ್ಟದವು, ಅಷ್ಟೇ.

ಹಿಡಿಯುವ ರೀತಿ: ಮೊದಲ ಅನುಮಾನ ಇಲ್ಲೇ ಇರಲಿ

ಇದಕ್ಕೆ ಜಾಸ್ತಿ ಜಾಗ ಕೊಡುತ್ತಿದ್ದೇನೆ. "ಕೆಟ್ಟ" ಗನ್‌ಗಳಲ್ಲಿ ಹೆಚ್ಚಿನವು ಇಲ್ಲೇ ಸರಿಹೋಗುತ್ತವೆ.

ಸ್ಪ್ರಿಂಗ್ ಗನ್ ಒಳಗೆ ಟ್ರಿಗರ್ ಬಿಟ್ಟ ಕೂಡಲೇ ಭಾರದ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ. ಆಗ ಗನ್ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ತುದಿಗೆ ಬಂದು ನಿಂತಾಗ ಗನ್ ಮುಂದಕ್ಕೆ ಜಗ್ಗುತ್ತದೆ. ಇದೆಲ್ಲ ನಡೆಯುವಾಗ ಪೆಲೆಟ್ ಇನ್ನೂ ನಳಿಗೆಯಲ್ಲೇ ಇರುತ್ತದೆ. ಕೆಳಗೆ ಇಟ್ಟಿಗೆ, ಕಾಂಪೌಂಡ್ ಗೋಡೆ, ಕಿಟಕಿಯ ಕಟ್ಟೆಯಂಥ ಗಟ್ಟಿ ವಸ್ತು ಇದ್ದರೆ ಆ ಜಗ್ಗಾಟದಲ್ಲಿ ಗನ್ ಅದರ ಮೇಲಿಂದ ಪುಟಿಯುತ್ತದೆ. ಪುಟಿದ ಕಡೆಗೆ ಪೆಲೆಟ್ ಹೋಗುತ್ತದೆ. ಆಸರೆ ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸ್ಪ್ರಿಂಗ್ ಗನ್‌ಗೆ ಅದು ಪೂರ್ತಿ ಉಲ್ಟಾ.

ಒಂದು ಚಿಕ್ಕ ಚೀಲಕ್ಕೆ ಮರಳು ತುಂಬಿ. ನಮ್ಮ ದಾವಣಗೆರೆ ಕಡೆ ಮೆಕ್ಕೆಜೋಳಕ್ಕೆ ಬರ ಇಲ್ಲ, ಅದನ್ನು ತುಂಬಿದರೂ ನಡೆಯುತ್ತದೆ. ಚೀಲದ ಮೇಲೆ ಅಂಗೈ ತೆರೆದಿಡಿ. ಅಂಗೈ ಮೇಲೆ ಗನ್ನಿನ ಮರದ ಭಾಗ ಕೂರಲಿ. ಬೆರಳು ಮಡಚಿ ಹಿಡಿಯಬೇಡಿ. ಗನ್ನಿನ ಹಿಂಬದಿ ಭುಜಕ್ಕೆ ಮೆತ್ತಗೆ ತಾಗಿದರೆ ಸಾಕು, ಒತ್ತಬೇಡಿ. ಗನ್ ತನ್ನ ಪಾಡಿಗೆ ಹಿಂದೆ ಮುಂದೆ ಆಡಲಿ, ಆದರೆ ಪ್ರತಿ ಸಲ ಒಂದೇ ರೀತಿ ಆಡಲಿ. ಅದಕ್ಕೇ ಅಂಗೈ ಇಡುವ ಜಾಗಕ್ಕೆ ಮರದ ಮೇಲೆ ಒಂದು ತುಂಡು ಟೇಪ್ ಅಂಟಿಸಿ. ಅಂಗೈ ಎರಡು ಬೆರಳು ಹಿಂದೆ ಮುಂದೆ ಆದರೂ ಗ್ರೂಪ್ ಜಾಗ ಬದಲಿಸುವ ಗನ್‌ಗಳಿವೆ. ಯಾವ ಜಾಗದಲ್ಲಿ ಗ್ರೂಪ್ ಚಿಕ್ಕದಾಗುತ್ತದೆ ಅಂತ ಹುಡುಕಲು ಒಂದು ಬೆಳಗ್ಗೆ ಪೂರ್ತಿ ಮೀಸಲಿಡಿ. ಖಂಡಿತ ದಂಡವಾಗುವುದಿಲ್ಲ.

ಕೆನ್ನೆ ಮರಕ್ಕೆ ಒರಗುವ ಜಾಗವೂ ಹಾಗೇ, ಬದಲಾಗಬಾರದು. ಟ್ರಿಗರನ್ನು ಬೆರಳ ತುದಿಯ ಮೆತ್ತನೆ ಭಾಗದಿಂದ ನಿಧಾನಕ್ಕೆ ನೇರ ಹಿಂದಕ್ಕೆ ಒತ್ತಿ. ಶಬ್ದ ಆದ ಮೇಲೂ ಒಂದು ಕ್ಷಣ ಸೈಟ್ ನೋಡುತ್ತಲೇ ಇರಿ. ಎಲ್ಲಿ ಬಿತ್ತು ಅಂತ ನೋಡಲು ತಲೆ ಎತ್ತುವ ಅಭ್ಯಾಸ ಬಹಳ ಜನಕ್ಕಿದೆ. ಕಡಿಮೆ ವೇಗದ ಪೆಲೆಟ್ ನಳಿಗೆಯಲ್ಲಿ ಜಾಸ್ತಿ ಹೊತ್ತು ಇರುವುದರಿಂದ ಆ ಅವಸರಕ್ಕೆ ದಂಡ ತೆರಬೇಕಾಗುತ್ತದೆ.

ದಪ್ಪ ಸ್ಪ್ರಿಂಗ್ ಯಾಕೆ ಬೇಡ ಅನ್ನುವುದೂ ಈಗ ಗೊತ್ತಾಯಿತಲ್ವಾ? ಸ್ಪ್ರಿಂಗ್ ಬಲ ಹೆಚ್ಚಿದಷ್ಟೂ ಜಗ್ಗಾಟ ಹೆಚ್ಚುತ್ತದೆ. ಮೆತ್ತನೆಯ ಗನ್ ಹೊಸಬರ ತಪ್ಪನ್ನು ಸಹಿಸಿಕೊಳ್ಳುತ್ತದೆ, ಬಲದ ಗನ್ ಸಹಿಸುವುದಿಲ್ಲ.

ತೂತುಗಳನ್ನು ಓದುವುದು

ಹಿಡಿತ ಸರಿಮಾಡಿಕೊಂಡು ಹೊಡೆದ ಹತ್ತು ಶಾಟ್‌ನ ಕಾರ್ಡ್ ಮುಂದಿಟ್ಟುಕೊಳ್ಳಿ.

ಎಲ್ಲ ತೂತು ಒಂದೇ ಕಡೆ ಒತ್ತಾಗಿವೆ, ಆದರೆ ನಡುವಿನಿಂದ ದೂರ. ಇದು ರಿಪೇರಿ ಕೆಲಸವೇ ಅಲ್ಲ. ಹಿಂದಿನ ಸೈಟನ್ನು ಪೆಲೆಟ್ ಯಾವ ಕಡೆ ಹೋಗಬೇಕೋ ಆ ಕಡೆಗೆ ಸರಿಸಿ. ಎಡಕ್ಕೆ ಬೀಳುತ್ತಿದ್ದರೆ ಬಲಕ್ಕೆ, ಕೆಳಗೆ ಬೀಳುತ್ತಿದ್ದರೆ ಮೇಲಕ್ಕೆ.

ಎರಡು ಬೇರೆ ಬೇರೆ ಗುಂಪು ಕಾಣುತ್ತಿವೆ. ಏನೋ ಒಂದು ಎರಡು ಜಾಗದ ನಡುವೆ ಓಡಾಡುತ್ತಿದೆ ಅಂತ ಅರ್ಥ. ಹೆಚ್ಚಾಗಿ ಅದು ಸಡಿಲವಾದ ಹಿಂದಿನ ಸೈಟ್. ಎರಡು ಸೈಟ್ ನಡುವೆ 45 ಸೆಂ.ಮೀ. ಇದ್ದರೆ, ಹಿಂದಿನದು ಅರ್ಧ ಮಿ.ಮೀ. ಅಲುಗಿದರೂ 10 ಮೀಟರ್‌ನಲ್ಲಿ ಪೆಲೆಟ್ 11 ಮಿ.ಮೀ. ಸರಿಯುತ್ತದೆ. ಬೆರಳಲ್ಲಿ ಅಲುಗಾಡಿಸಿ ನೋಡಿ. ಎರಡನೇ ಅನುಮಾನ ನಳಿಗೆ ಮಡಚುವ ಕೀಲು. ಗನ್ ಖಾಲಿ ಇದ್ದಾಗ, ಸ್ಪ್ರಿಂಗ್ ಎಳೆಯದೆ, ನಳಿಗೆಯನ್ನು ಪಕ್ಕಕ್ಕೆ ಮೆಲ್ಲಗೆ ಒತ್ತಿ. ಕಟಕಟ ಅಂದರೆ ಕೀಲಿನ ಬೋಲ್ಟ್ ಬಿಗಿ ಮಾಡಬೇಕು. ಮೂರನೆಯದು, ಡಬ್ಬಿಯಲ್ಲಿ ಎರಡು ಬಗೆಯ ಪೆಲೆಟ್ ಬೆರೆತಿರುವುದು. ಇದನ್ನೂ ನೋಡಿದ್ದೇನೆ.

ತೂತುಗಳು ಮೇಲಿಂದ ಕೆಳಕ್ಕೆ ಸಾಲಾಗಿವೆ. ಎಲ್ಲರೂ ಇದಕ್ಕೆ ವೇಗದ ಏರುಪೇರು ಕಾರಣ ಅಂತಾರೆ. ಲೆಕ್ಕ ಹಾಕೋಣ. 160 ಮತ್ತು 150 ಮೀಟರ್ ವೇಗದ ಎರಡು ಪೆಲೆಟ್‌ಗಳ ನಡುವೆ 10 ಮೀಟರ್‌ನಲ್ಲಿ ಬರುವ ವ್ಯತ್ಯಾಸ ಎರಡೂವರೆ ಮಿ.ಮೀ. ಮಾತ್ರ. 20 ಮೀಟರ್‌ನಲ್ಲಿ ಅದು ಒಂದು ಸೆಂ.ಮೀ. ದಾಟುತ್ತದೆ. ಹಾಗಾಗಿ 10 ಮೀಟರ್‌ನಲ್ಲೇ ಮೂರು ಸೆಂ.ಮೀ. ಉದ್ದದ ಸಾಲು ಬಂದರೆ ಪಿಸ್ಟನ್ ತುದಿಯಲ್ಲಿ ಗಾಳಿ ಸೋರದಂತೆ ತಡೆಯುವ ವಾಷರನ್ನು ಬೈಯುವ ಮುಂಚೆ ಉಸಿರು, ಕೆನ್ನೆ, ಅಂಗೈ ನೋಡಿ. ಮುಂದಿನ ಸೈಟ್‌ನ ತುದಿ ಹಿಂದಿನ ಸೈಟ್‌ನ ಕಚ್ಚಿನಲ್ಲಿ ಪ್ರತಿ ಸಲ ಸಮ ಎತ್ತರಕ್ಕೆ ನಿಲ್ಲುತ್ತಿದೆಯಾ ಅನ್ನುವುದು ಅದಕ್ಕಿಂತ ಮುಖ್ಯ.

ಎಡ ಬಲಕ್ಕೆ ಸಾಲು. ಟ್ರಿಗರ್ ಪಕ್ಕಕ್ಕೆ ಎಳೆಯುತ್ತಿದ್ದೀರಿ, ಕೀಲು ಸಡಿಲ ಇದೆ, ಇಲ್ಲವೇ ಗಾಳಿ. ಗನ್ ಒಂದು ಕಡೆ ವಾಲಿಸಿ ಹಿಡಿಯುವುದೂ ಒಂದು ಕಾರಣ, ಆದರೆ 10 ಡಿಗ್ರಿ ವಾಲಿದರೂ 10 ಮೀಟರ್‌ನಲ್ಲಿ ಮೂರು ನಾಲ್ಕು ಮಿ.ಮೀ. ಅಷ್ಟೇ.

ಎಲ್ಲ ದಿಕ್ಕಿಗೂ ಚೆಲ್ಲಿದೆ. ಮರದ ಹಿಡಿಯ ಸ್ಕ್ರೂಗಳನ್ನು ನೋಡಿ. ಮುಂಭಾಗದಲ್ಲಿ ಎರಡು ಪಕ್ಕ ಒಂದೊಂದು, ಟ್ರಿಗರ್ ಹತ್ತಿರ ಒಂದೋ ಎರಡೋ ಇರುತ್ತವೆ. ಸ್ಪ್ರಿಂಗ್ ಗನ್‌ನ ಜಗ್ಗಾಟಕ್ಕೆ ಇವು ತಾವಾಗಿಯೇ ಸಡಿಲ ಆಗುತ್ತವೆ. ಪ್ರತಿ ಸಲ ಶುರು ಮಾಡುವ ಮುಂಚೆ ತಿರುಗಿಸಿ ನೋಡಿ. ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬಳಸಿ, ಮರ ನಜ್ಜುಗುಜ್ಜಾಗುವಷ್ಟು ಬಿಗಿಯಬೇಡಿ. ಆಮೇಲೆ ನಳಿಗೆಯ ತುದಿ. ಖಾಲಿ ಗನ್‌ನ ತುದಿಯೊಳಗೆ ಕಿವಿಗೆ ಹಾಕುವ ಇಯರ್ ಬಡ್ ಇಟ್ಟು ಸುತ್ತಲೂ ತಿರುಗಿಸಿ. ಹತ್ತಿಯ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಲೋಹ ಮುರುಟಿದೆ. ಪೆಲೆಟ್ ಹೊರಬರುವ ಕೊನೇ ಕ್ಷಣದಲ್ಲಿ ಆ ಜಾಗದಿಂದ ಗಾಳಿ ಒಂದೇ ಪಕ್ಕ ನುಗ್ಗಿ ಅದನ್ನು ತಳ್ಳುತ್ತದೆ. ಇದು ಕೈಯಲ್ಲಿ ಉಜ್ಜಿ ಸರಿ ಮಾಡುವ ಕೆಲಸವಲ್ಲ, ಲೇತ್ ಕೆಲಸ ಬಲ್ಲವರಿಗೇ ಕೊಡಿ. ನಳಿಗೆಯೊಳಗೆ ಸುರುಳಿ ಗೆರೆ ಇದೆಯಾ ಅನ್ನುವುದನ್ನೂ ಒಮ್ಮೆ ಮಡಚಿ ಬೆಳಕಿಗೆ ಹಿಡಿದು ನೋಡಿ. ಗೆರೆ ಇಲ್ಲದ ನುಣುಪು ನಳಿಗೆ ಆದರೆ ನಾಣ್ಯದ ಲೆಕ್ಕ ಮರೆತುಬಿಡಿ.

ಶುರುವಿನಲ್ಲಿ ಚೆನ್ನಾಗಿದ್ದು ಆಮೇಲೆ ಒಂದೇ ದಿಕ್ಕಿಗೆ ಜಾರುತ್ತಾ ಹೋಗುತ್ತದೆ. ಸ್ಕೋಪ್ (ಗುರಿ ನೋಡುವ ದುರ್ಬೀನು) ಹಾಕಿದ್ದರೆ ಅದರ ಕ್ಲಾಂಪ್ ಹಿಂದಕ್ಕೆ ಸರಿಯುತ್ತಿದೆ. ಕ್ಲಾಂಪ್ ಹಿಂದೆ ಪೆನ್ಸಿಲ್ ಗೆರೆ ಎಳೆದು ಹೊಡೆಯಿರಿ, ಗೊತ್ತಾಗಿಬಿಡುತ್ತದೆ. ದೊಡ್ಡ ಬಂದೂಕಿಗೆ ಮಾಡಿದ ಸ್ಕೋಪ್ ಹಾಕಿ 10 ಮೀಟರ್‌ಗೆ ನೋಡಿದರೆ ಗುರಿ ಮಸುಕಾಗಿರುತ್ತದೆ. ಕಣ್ಣು ಸ್ವಲ್ಪ ಆಚೀಚೆ ಆದರೆ ಕೂಡುಗೆರೆಯೂ ಗುರಿಯ ಮೇಲೆ ಜಾರುತ್ತದೆ. ಇಂಥ ಗನ್‌ಗೆ ಸ್ಕೋಪ್ ಬೇಕೇ ಬೇಕು ಅಂತ ನನಗನ್ನಿಸುವುದಿಲ್ಲ.

ಪೆಲೆಟ್

ಗನ್ ಬಿಚ್ಚುವುದಕ್ಕಿಂತ ಇನ್ನೊಂದು ಬಗೆಯ ಪೆಲೆಟ್ ಡಬ್ಬಿ ತರುವುದು ಅಗ್ಗ. 10 ಮೀಟರ್‌ಗೆ ಚಪ್ಪಟೆ ತಲೆಯದು ಉತ್ತಮ, ಕಾರ್ಡ್‌ನಲ್ಲಿ ದುಂಡಗೆ ಕತ್ತರಿಸಿದ ತೂತು ಮಾಡುತ್ತದೆ. ಚೂಪು ತಲೆಯದು ನೋಡಲು ಜೋರು, ಗ್ರೂಪ್ ಮಾತ್ರ ಹೆಚ್ಚಾಗಿ ಅದರಲ್ಲೇ ಕೆಡುತ್ತದೆ. ತೂಕ 0.45ರಿಂದ 0.53 ಗ್ರಾಂ ಒಳಗಿರಲಿ. ಭಾರದ್ದು ಈ ಗನ್‌ನಲ್ಲಿ ನಿಧಾನ ಆಗುತ್ತದೆ, ಜಾಸ್ತಿ ಇಳಿಯುತ್ತದೆ.

ಡಬ್ಬಿಯಿಂದ ತೆಗೆದು ತಟ್ಟೆಗೆ ಹಾಕಿ ಹಿಂಬದಿಯ ಲಂಗದಂಥ ಅಗಲ ಅಂಚು ಸೊಟ್ಟಗಾದವನ್ನು ಬೇರೆ ಮಾಡಿ. ಗಾಜಿನ ಮೇಲೆ ಉರುಳಿಸಿದರೆ ಒಳ್ಳೆಯವು ಒಂದೇ ತರ ಸುತ್ತಿ ಬರುತ್ತವೆ, ಕೆಟ್ಟದ್ದು ತಡವರಿಸುತ್ತದೆ. ನಳಿಗೆಗೆ ಹಾಕುವಾಗ ಅಂಚಿಗೆ ಸಮವಾಗಿ ಕೂರುವವರೆಗೆ ಹೆಬ್ಬೆರಳಲ್ಲಿ ಒತ್ತಿ. ಆಗ ಇನ್ನೊಂದು ಕೈ ನಳಿಗೆಯನ್ನು ಬಿಡಬಾರದು. ಕೊಂಡಿ ಜಾರಿದರೆ ನಳಿಗೆ ಪಟ್ಟನೆ ಮೇಲೆದ್ದು ಬೆರಳು ಜಜ್ಜುತ್ತದೆ. ಕೆಲವು ಪೆಲೆಟ್ ಸಡಿಲವಾಗಿ ಬೀಳುತ್ತಾ ಕೆಲವು ಬಿಗಿಯಾಗುತ್ತಿದ್ದರೆ ಆ ಡಬ್ಬಿಯಿಂದ ಒಳ್ಳೆ ಗ್ರೂಪ್ ನಿರೀಕ್ಷಿಸಬೇಡಿ. ಪೆಲೆಟ್ ಬದಲಿಸಿದ ಮೇಲೆ ಮೊದಲ ಕೆಲವು ಶಾಟ್ ಲೆಕ್ಕಕ್ಕೆ ಹಿಡಿಯಬೇಡಿ.

ಗಾಳಿ, ಬಿಸಿಲು

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಬಯಲಲ್ಲಿ ಹೊಡೆದ ಕಾರ್ಡ್ ಇಟ್ಟುಕೊಂಡು ಗನ್ ಅಳೆಯಲು ಆಗುವುದಿಲ್ಲ. ಅಡ್ಡಗಾಳಿ 10 ಮೀಟರ್‌ನಲ್ಲಿ ಪೆಲೆಟ್ಟನ್ನು ಕೆಲವು ಮಿ.ಮೀ. ಸರಿಸಿದರೆ 20 ಮೀಟರ್‌ನಲ್ಲಿ ಹತ್ತಿರ ಹತ್ತಿರ ಅದರ ನಾಲ್ಕು ಪಟ್ಟು ಸರಿಸುತ್ತದೆ. ಬೆಳಗ್ಗೆ ಬೇಗ, ಇಲ್ಲವೇ ಉದ್ದನೆ ಶೆಡ್ ಒಳಗೆ ಹೊಡೆಯಿರಿ. ಏಪ್ರಿಲ್, ಮೇ ಬಿಸಿಲು ಒಂದೇ ಪಕ್ಕದಿಂದ ಬಿದ್ದಾಗ ಮುಂದಿನ ಸೈಟ್‌ನ ಒಂದು ಬದಿ ಹೊಳೆದು, ಕಣ್ಣು ಅದರ ನಡುವನ್ನು ತಪ್ಪಾಗಿ ಹಿಡಿಯುತ್ತದೆ. ಸೈಟ್ ಮೇಲೆ ನೆರಳು ಮಾಡಿ.

ಎಣ್ಣೆ, ಸೀಲ್, ಸ್ಪ್ರಿಂಗ್

ಇಷ್ಟೆಲ್ಲ ಸರಿ ಇದ್ದೂ ಗ್ರೂಪ್ ಕೂಡದಿದ್ದರೆ ಆಗ ಒಳಗಿನ ಮಾತು. ಹೊಡೆದಾಗ ಹೊಗೆ, ಸುಟ್ಟ ವಾಸನೆ, ಚಟ್ ಅನ್ನುವ ಜೋರು ಶಬ್ದ ಬರುತ್ತಿದ್ದರೆ ಒಳಗಿನ ಎಣ್ಣೆ ಗಾಳಿಯ ಒತ್ತಡಕ್ಕೆ ಉರಿಯುತ್ತಿದೆ. ಹೊಸ ಗನ್‌ನಲ್ಲಿ ಶುರುವಿನಲ್ಲಿ ಇದು ಸ್ವಲ್ಪ ಇರುತ್ತದೆ, ಹೊಡೆಯುತ್ತಾ ನಿಲ್ಲುತ್ತದೆ. ನಿಲ್ಲದಿದ್ದರೆ ಯಾರೋ ಹೊಲಿಗೆ ಮಷೀನ್ ಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಗಾಳಿಯ ತೂತಿಗೆ ಬಿಟ್ಟಿದ್ದಾರೆ. ಹಾಗೆ ಉರಿದ ಪ್ರತಿ ಶಾಟ್‌ಗೂ ವೇಗ ಬೇರೆ ಬೇರೆ. ಚರ್ಮದ ವಾಷರ್‌ಗೆ ಆಗಾಗ ಒಂದೆರಡು ಹನಿ ಸಿಲಿಕೋನ್ ಎಣ್ಣೆ ಸಾಕು. ಪ್ಲಾಸ್ಟಿಕ್ ಸೀಲ್‌ಗೆ ಅದೂ ಅಪರೂಪಕ್ಕೆ.

ನಳಿಗೆ ಕೂಡುವ ಜಾಗದಲ್ಲಿ ಗಾಳಿ ಸೋರುತ್ತಿದೆಯಾ ನೋಡಲು ಸಂದಿನ ಮೇಲೆ ತೆಳು ಟಿಶ್ಯೂ ಕಾಗದದ ಪಟ್ಟಿ ಇಟ್ಟು ಮರಳಿನ ಪೆಟ್ಟಿಗೆಗೆ ಒಂದು ಶಾಟ್ ಹೊಡೆಯಿರಿ. ಪಟ್ಟಿ ಹಾರಿದರೆ ಅಲ್ಲಿನ ರಬ್ಬರ್ ರಿಂಗ್ ಸವೆದಿದೆ. ಚಿಕ್ಕ ಭಾಗ, ಬದಲಿಸುವುದು ಕಷ್ಟ ಇಲ್ಲ.

ಸ್ಪ್ರಿಂಗ್ ಕೊನೆಯ ಅನುಮಾನ. ಎಳೆಯುವಾಗ ಒಳಗೆ ಕರಕರ ಅಂದರೆ, ಬಿಟ್ಟಾಗ ಝಣ ಅಂತ ತುಂಬ ಹೊತ್ತು ಕಂಪಿಸಿದರೆ, ಅಥವಾ ಮೊದಲು 10 ಮೀಟರ್‌ಗೆ ಸರಿಯಾಗಿ ಬೀಳುತ್ತಿದ್ದುದು ಈಗ ಒಟ್ಟಿಗೇ ಕೆಳಗಿಳಿದಿದ್ದರೆ ಅದು ಸೋತಿರಬಹುದು, ಬಾಗಿರಬಹುದು ಇಲ್ಲವೇ ಮುರಿದಿರಬಹುದು. ಪೆಲೆಟ್ ಇಲ್ಲದೆ ಖಾಲಿ ಹೊಡೆಯುವುದರಿಂದ, ಎಳೆದಿಟ್ಟು ಗಂಟೆಗಟ್ಟಲೆ ಬಿಡುವುದರಿಂದ ಹೀಗಾಗುತ್ತದೆ. ಮನೆಯಲ್ಲಿ ಬಿಚ್ಚಬೇಡಿ. ಹಿಂದಿನ ಪಿನ್ ತೆಗೆದ ಕ್ಷಣ ಒತ್ತಿಟ್ಟ ಸ್ಪ್ರಿಂಗ್ ಮುಖಕ್ಕೇ ಚಿಮ್ಮುತ್ತದೆ. ಸ್ಪ್ರಿಂಗ್ ಅಮುಕಿ ಹಿಡಿಯುವ ಕ್ಲಾಂಪ್ ಇರುವ ರಿಪೇರಿಯವರನ್ನೇ ಹುಡುಕಿ. ಅದೇ ಅಳತೆಯ ಸ್ಪ್ರಿಂಗ್ ಹಾಕಲು ಬಾಯಿ ಬಿಟ್ಟು ಹೇಳಿ, "ಸ್ವಲ್ಪ ಜೋರಿಂದು ಹಾಕ್ಲಾ?" ಅಂತ ಕೇಳಿದರೆ ಬೇಡ ಅನ್ನಿ. ಗನ್ ವಾಪಸ್ ಬಂದ ಮೇಲೆ ಸೈಟ್ ಹೊಸದಾಗಿ ಹೊಂದಿಸಿಕೊಳ್ಳಬೇಕಾಗುತ್ತದೆ. ಅಂಗೈ ಇಡುವ ಟೇಪ್ ಜಾಗವನ್ನೂ ಇನ್ನೊಮ್ಮೆ ಹುಡುಕಬೇಕು.